ಕಿಳಿನೊಚ್ಚಿಗೆ 20 ಹೊಲಿಗೆ ಮಷೀನ್ ಕೊಡಿಸಬೇಕಂತಿದ್ದೇವೆ, ಸರಿನಾ?

ದಾವಣಗೆರೆ_ಅತ್ತೆ:
ನಮ್ಮ ಮಹಿಳಾ ಮಂಡಳಿಯಲ್ಲಿ ಒಂದಿಷ್ಟು ದುಡ್ಡು ಸೇರಿದೆ. ಶ್ರೀಲಂಕಾದ ಉತ್ತರದಲ್ಲಿ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರಿಗೆ 20 ಹೊಲಿಗೆ ಮಷೀನ್ ಕೊಡಿಸೋಣ ಅಂತ ಮಾತಾಗಿದೆ. ಕಿಳಿನೊಚ್ಚಿಯ ಒಂದು ಸಣ್ಣ ಸಂಸ್ಥೆ ಹಂಚೋಕೆ ಒಪ್ಪಿದೆ. ನನಗೆ ಮಾತ್ರ ಯಾಕೋ ಸಮಾಧಾನ ಇಲ್ಲ. ಯುದ್ಧ ಮುಗಿದದ್ದು 2009ರಲ್ಲಿ. ನಮಗಿಂತ ಮುಂಚೆ ಮಷೀನ್ ಕೊಟ್ಟವರು ಇರಲ್ವಾ? ಅಲ್ಲಿ ಕೆಲಸ ಮಾಡಿದವರು ಇದ್ದರೆ ಹೇಳಿ.

ಮರಳು_ಸಿಮೆಂಟು:
ಮೇಡಂ, 2013–14ರಲ್ಲಿ ನಾನು ಅಲ್ಲಿ ಮನೆ ಕಟ್ಟಿಸುವ ಕೆಲಸದಲ್ಲಿ ಸೈಟ್ ಇಂಜಿನಿಯರ್ ಆಗಿದ್ದೆ. ನಿಮ್ಮ ಅನುಮಾನ ಸರಿ.

ಒಂದು ಓಣಿ ಕಥೆ ಹೇಳ್ತೀನಿ. ಹನ್ನೊಂದು ಮನೆ, ಏಳು ಮಷೀನ್. ಏಳೂ ಜನಕ್ಕೆ ಹೊಲಿಯೋಕೆ ಬರುತ್ತೆ, ಹೊಲಿಸುವವರು ಯಾರು? ನಾನು ಪಾಯ ಅಳೆಯೋಕೆ ಹೋದ ಕಡೆ, ತಾಳೆಗರಿ ಗುಡಿಸಲ ಮುಂದೆ ಮಷೀನ್ ಮೇಲೆ ಭತ್ತದ ಚೀಲ ಇತ್ತು. ಅದರ ಕಬ್ಬಿಣದ ಕಾಲಿಗೆ ಮೇಕೆ ಕಟ್ಟಿದ್ದರು. ನಿಮಗೇನು ಬೇಕಿತ್ತು ಅಂತ ಆ ಅಕ್ಕನನ್ನು ನನ್ನ ಹರಕು ತಮಿಳಿನಲ್ಲಿ ಕೇಳಿದೆ. 'ಕಿಣರು' ಅಂದರು. ಬಾವಿ. ಊರು ಬಿಟ್ಟು ಹೋಗಿದ್ದಾಗ ಅದರಲ್ಲಿ ಹೂಳು ತುಂಬಿತ್ತು. ಹೂಳೆತ್ತಿಸಿ ಒಂದು ಪಂಪು ಕೊಟ್ಟರೆ ಮೆಣಸಿನಕಾಯಿ, ಶೇಂಗಾ ಹಾಕ್ತೀನಿ ಅಂದರು.

ಮನೆ ವಿಷಯವೂ ಹಾಗೇ. ಭಾರತ 2010ರಲ್ಲಿ ಅಲ್ಲಿನವರಿಗೆ ಅಂತ 50,000 ಮನೆ ಘೋಷಿಸಿತು. ಮನೆಗೆ ಅಲ್ಲಿನ 5.5 ಲಕ್ಷ ರೂಪಾಯಿ, ಕಂತು ಕಂತಾಗಿ ಅವರ ಖಾತೆಗೇ. ಕಟ್ಟಿಕೊಳ್ಳೋದು ಅವರೇ. ಕಂಟ್ರಾಕ್ಟರ್ ಕೈಗೆ ಕೊಡೋದಕ್ಕಿಂತ ಇದು ಎಷ್ಟೋ ಮೇಲು. ಆದರೆ ಊರೆಲ್ಲ ಒಟ್ಟಿಗೆ ಕಟ್ಟೋಕೆ ಕೂತರೆ ಮರಳಿನ ರೇಟು, ಮೇಸ್ತ್ರಿ ಕೂಲಿ ಏರದೆ ಇರುತ್ತಾ? ಇನ್ನೊಂದು ರೂಮು ಇರಲಿ ಅಂತ ಒಡವೆ ಅಡ ಇಟ್ಟವರನ್ನೂ ನೋಡಿದೆ. ಗೋಡೆ ಎದ್ದಿತು, ಸಂಪಾದನೆ ಇಲ್ಲ. ಆಮೇಲೆ ವಾರದ ಕಂತಿನ ಸಾಲ. ಕೊನೆಗೆ 2018ರಲ್ಲಿ ಬರ ಬಿದ್ದ ಜಿಲ್ಲೆಗಳ ಹೆಂಗಸರ ಮೈಕ್ರೋಫೈನಾನ್ಸ್ ಸಾಲ, ಒಂದು ಲಕ್ಷದವರೆಗಿನದ್ದು, ಶ್ರೀಲಂಕಾ ಸರ್ಕಾರವೇ ತೀರಿಸೋಕೆ ಹೊರಟಿತು.

ಬಳ್ಳಾರಿ_ಜೀನ್ಸ್:
ನಮ್ಮೂರಲ್ಲಿ ಮನೆಮನೆಯಲ್ಲಿ ಮಷೀನ್ ಇದೆ. ಮಷೀನ್ ಅನ್ನ ಹಾಕಲ್ಲ ಅಕ್ಕ. ಕಟ್ ಮಾಡಿದ ಬಟ್ಟೆ ಬಾಗಿಲಿಗೆ ತಂದು, ಹೊಲಿದಿದ್ದನ್ನು ಎತ್ತಿಕೊಂಡು ಹೋಗಿ, ಶನಿವಾರ ದುಡ್ಡು ಕೊಡೋನು ಅನ್ನ ಹಾಕ್ತಾನೆ. ಅಂಥವನು ಅಲ್ಲಿ ಇದ್ದಾನಾ ಅಂತ ಮೊದಲು ಕೇಳಿ.

ದಾವಣಗೆರೆ_ಅತ್ತೆ:
ಸಂಸ್ಥೆಗೆ ಫೋನ್ ಮಾಡಿದ್ದೆ. 'ಪಟ್ಟಿ ರೆಡಿ ಇದೆ, ಮಷೀನ್ ಕೊಟ್ಟರೆ ಫೋಟೋ ಕಳಿಸ್ತೀವಿ' ಅಂದರು. ಹೆಂಗಸರನ್ನು ಕೇಳಿದ್ದೀರಾ ಅಂದರೆ ಉತ್ತರ ಇಲ್ಲ. ಅದೇ ದುಡ್ಡಲ್ಲಿ ಬಾವಿ ಮಾಡಿಸಬಹುದಾ?

ಮರಳು_ಸಿಮೆಂಟು:
ಹಳೇ ಬಾವಿ ಆದರೆ ಆಗಬಹುದು. ಹೊಸದು ತೋಡಿಸೋ ಮುಂಚೆ ಆ ಜಾಗದಲ್ಲಿ ನೆಲಬಾಂಬು ತೆಗೆದಿದ್ದಾರೆ ಅಂತ ಕಾಗದ ಕೇಳಿ. ತಲೆಬುರುಡೆ ಬರೆದ ಕೆಂಪು ಬೋರ್ಡು ಕಂಡರೆ ನಾವು ಸುಮ್ನೆ ವಾಪಸ್ ಬರ್ತಿದ್ವಿ. ಹೂಳೆತ್ತೋದಾದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಮುಗಿಸಿ. ಅಕ್ಟೋಬರ್ ಬಂದರೆ ಅಲ್ಲಿ ಮಳೆ ಹಿಡಿಯುತ್ತೆ, ಬಾವಿಗೆ ಇಳಿಯೋಕೆ ಯಾರೂ ಸಿಗಲ್ಲ.