ಶಾಸ್ತ್ರಿಗಳು ತಾಷ್ಕೆಂಟ್‌ಗೆ ಯಾಕೆ ಹೋದರು: ದೊಡ್ಡಪ್ಪನ ಫಾರ್ವರ್ಡ್, ಮನೆಮಂದಿಯ ಜಗಳ

ಗುಂಪು: ತುಮಕೂರು ಮನೆಮಂದಿ. ಜನವರಿ 11, ಬೆಳಿಗ್ಗೆ.

ತಿಪಟೂರು ದೊಡ್ಡಪ್ಪ: (ಫಾರ್ವರ್ಡ್) 1965ರ ಯುದ್ಧ ಆದ ಮೇಲೆ ಪಾಕಿಸ್ತಾನದ ಜೊತೆ ಮಾತುಕತೆಗೆ ತಾಷ್ಕೆಂಟ್‌ಗೆ ಹೋಗುವ ಮನಸ್ಸೇ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರೀಜಿಗೆ ಇರಲಿಲ್ಲ!! ರಷ್ಯಾದವರು ಬಲವಂತವಾಗಿ ಕರೆಸಿಕೊಂಡರು. ಹೋದವರು ತಿರುಗಿ ಬರಲಿಲ್ಲ. ನಿಜವಾದ ಭಾರತೀಯರಾದರೆ 10 ಜನಕ್ಕೆ ಕಳಿಸಿ 🙏

ಕುಣಿಗಲ್ ಚಿಕ್ಕಪ್ಪ: ಅಣ್ಣ, ಹೋದ ವರ್ಷ ಇದೇ ದಿನ ನೀನು ಕಳಿಸಿದ್ದರಲ್ಲಿ ಅಮೆರಿಕದವರು ಗೋಧಿ ನಿಲ್ಲಿಸುತ್ತೇವೆ ಅಂತ ಹೆದರಿಸಿ ಕಳಿಸಿದರು ಅಂತಿತ್ತು. ಈ ವರ್ಷ ರಷ್ಯಾ. ಮುಂದಿನ ವರ್ಷ ಯಾರು?

ನಾನು: ದೊಡ್ಡಪ್ಪ, ಮನಸ್ಸೇ ಇರಲಿಲ್ಲ ಅನ್ನೋದಕ್ಕೆ ನಂದೊಂದು ತಕರಾರು. 1964ರ ಜೂನ್‌ನಲ್ಲಿ ಪ್ರಧಾನಿ ಆದ ಕೆಲವೇ ದಿನಕ್ಕೆ ಅವರ ಹೃದಯಕ್ಕೆ ತೊಂದರೆ ಆಯಿತು, ಮುಂದಿನ ತಿಂಗಳು ಲಂಡನ್ನಿನಲ್ಲಿ ಕಾಮನ್‌ವೆಲ್ತ್ ಪ್ರಧಾನಿಗಳ ಸಭೆ ಇತ್ತು, ಅದಕ್ಕೆ ಅವರು ಹೋಗಲೇ ಇಲ್ಲ, ಇಂದಿರಾ ಗಾಂಧಿಯವರನ್ನೂ ಟಿ.ಟಿ. ಕೃಷ್ಣಮಾಚಾರಿಯವರನ್ನೂ ಕಳಿಸಿದರು. ಅಂದರೆ ಬೇಡ ಅನ್ನಿಸಿದ್ದರೆ ನೆಪ ಕೈಯಲ್ಲೇ ಇತ್ತು. ಸುಳ್ಳು ನೆಪವೂ ಅಲ್ಲ. ಜನವರಿ ಚಳಿ, ಡಾಕ್ಟರ್ ಬೇಡ ಅಂದರು ಅಂದಿದ್ದರೆ ಮುಗಿಯುತ್ತಿತ್ತು, ಅಲ್ವಾ?

ತಿಪಟೂರು ದೊಡ್ಡಪ್ಪ: ಲಂಡನ್ ಸಭೆ ಬೇರೆ, ಇದು ಬೇರೆ. ಆಗ ಯುದ್ಧ ಇರಲಿಲ್ಲ. ಇಲ್ಲಿ ನಮ್ಮವರು ಗೆದ್ದ ಜಾಗ ಕೈಯಲ್ಲಿತ್ತು. ನಾನು ಆಗ ಹತ್ತು ವರ್ಷದವನು ಕಣಪ್ಪಾ. ಧಾನ್ಯ ಉಳಿಸಲು ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಶಾಸ್ತ್ರಿಗಳು ಹೇಳಿದ್ದಾರೆ ಅಂತ ಸೋಮವಾರ ರಾತ್ರಿ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ, ನಿಮ್ಮ ತಾತ ಮಜ್ಜಿಗೆ ಕುಡಿದು ಮಲಗುತ್ತಿದ್ದರು. ಅಂಥ ಮನುಷ್ಯ ತಾನಾಗೇ ಹೋಗಿ, ಕಾಶ್ಮೀರದಲ್ಲಿ ನಮ್ಮವರು ಗೆದ್ದ ಹಾಜಿ ಪೀರ್ ಕಣಿವೆದಾರಿ ಕೊಟ್ಟು ಬರುತ್ತಾರಾ?

ಗುಬ್ಬಿ ಅತ್ತೆ: ಮಜ್ಜಿಗೆ ಅಪ್ಪನಿಗೆ. ನಿನಗೆ ಅಮ್ಮ ಕದ್ದು ತಂಗಳು ಮುದ್ದೆ ಕೊಡುತ್ತಿದ್ದಳು, ಅದನ್ನೂ ಬರಿ ಅಣ್ಣ.

ಕುಣಿಗಲ್ ಚಿಕ್ಕಪ್ಪ: 😂 ಒತ್ತಡ ಇರಲಿಲ್ಲ ಅಂತ ನಾನೂ ಹೇಳಲ್ಲ. ಆದರೆ ಒಬ್ಬರದಲ್ಲ. 1965ರ ಸೆಪ್ಟೆಂಬರ್ 20ಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೇ ಇಬ್ಬರ ಸೈನ್ಯವೂ ಆಗಸ್ಟ್ 5ಕ್ಕೆ ಮೊದಲಿದ್ದ ಜಾಗಕ್ಕೆ ಹೋಗಬೇಕು ಅಂದಿತ್ತು. ಅಮೆರಿಕ ಇಬ್ಬರಿಗೂ ಆಯುಧ ನಿಲ್ಲಿಸಿತ್ತು, ಪಿಎಲ್ 480 ಅನ್ನೋ ನೆರವಿನ ಯೋಜನೆಯ ಗೋಧಿಯನ್ನು ಅಳೆದಳೆದು ಬಿಡುತ್ತಿತ್ತು, ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಸಿಕ್ಕಿಂ ಗಡಿಯಲ್ಲಿ ಚೀನಾ ಗಡುವು ಕೊಟ್ಟು ಹೆದರಿಸಿತ್ತು. ಇನ್ನು ರಷ್ಯಾದವರು ಕಾಶ್ಮೀರದ ವಿಷಯ ಬಂದಾಗ 1957ರಲ್ಲೂ 1962ರಲ್ಲೂ ನಮ್ಮ ಪರ ವೀಟೋ ಹಾಕಿದವರು. ಅಂಥವರು ಬನ್ನಿ ಅಂದಾಗ ಬರಲ್ಲ ಅನ್ನೋದು ಹೇಗೆ? ಇದು ದಾಕ್ಷಿಣ್ಯ, ಬಲವಂತ ಅಲ್ಲ.

ತಿಪಟೂರು ದೊಡ್ಡಪ್ಪ: ಎರಡೂ ಒಂದೇ. ನಾನು ನಿನ್ನ ಷಡ್ಡಕನ ಗೃಹಪ್ರವೇಶಕ್ಕೆ ಬಂದಿದ್ದೂ ದಾಕ್ಷಿಣ್ಯಕ್ಕೇ.

ಪುಟ್ಟಿ: ದೊಡ್ಡಪ್ಪಾ 🙈 ಸರಿ, ರಷ್ಯಾದ ಪ್ರಧಾನಿ ಕೊಸಿಗಿನ್ ಇಬ್ಬರನ್ನೂ ಕರೆದಾಗ ಮೊದಲು ಹೂಂ ಅಂದಿದ್ದು ಯಾರು? ಅದು ಗೊತ್ತಾದರೆ ಅರ್ಧ ಜಗಳ ಮುಗಿಯುತ್ತೆ.

ನಾನು: ಶಾಸ್ತ್ರಿಗಳೇ. ಸೆಪ್ಟೆಂಬರ್‌ನಲ್ಲೇ ಒಪ್ಪಿದರು, ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಒಪ್ಪಿದ್ದು ಆಮೇಲೆ. ಇನ್ನೂ ಒಂದಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಇವರ ಭೇಟಿಯನ್ನೂ ಅಯೂಬ್ ಭೇಟಿಯನ್ನೂ ಒಟ್ಟಿಗೆ ಮುಂದಕ್ಕೆ ಹಾಕಿದ್ದರು, ಇವರಿಗೆ ಅದು ಅವಮಾನ ಅನ್ನಿಸಿತ್ತು, ಮೇ ತಿಂಗಳಲ್ಲಿ ಮಾಸ್ಕೋಗೆ ಹೋಗಿ ಬಂದರು. ಹಾಗಾಗಿ ಮಾತುಕತೆ ಆಗಲೇಬೇಕು ಅಂದರೆ ಎಲ್ಲಿ ಆಗಲಿ ಅನ್ನೋದು ಅವರಿಗೆ ಗೊತ್ತಿತ್ತು. ಏನು ಬೇಕು ಅನ್ನೋದೂ ಗೊತ್ತಿತ್ತು: ಇನ್ನು ಮುಂದೆ ಆಯುಧ ಎತ್ತಲ್ಲ, ಜಗಳ ಮಾತಿನಲ್ಲೇ ಬಗೆಹರಿಸಿಕೊಳ್ಳುತ್ತೇವೆ ಅಂತ ಅಯೂಬ್ ಬಾಯಲ್ಲಿ ಹೇಳಿಸಬೇಕು. ಜನವರಿ 10ರ ಒಪ್ಪಂದದ ಮೊದಲ ಅಂಶವೇ ಅದು. ಅದಕ್ಕೆ ಬೆಲೆಯಾಗಿ ಹಾಜಿ ಪೀರ್ ಹೋಯಿತು. ವ್ಯಾಪಾರ ನಷ್ಟದ್ದು ಅನ್ನಿ, ಒಪ್ಪುತ್ತೇನೆ. ಆದರೆ ಹಗ್ಗ ಕಟ್ಟಿ ಎಳೆದುಕೊಂಡು ಹೋದ ಕರುವಿನ ಥರ ಅವರನ್ನು ತೋರಿಸೋದು ನನಗೆ ಸಹಿಸೋಕೆ ಆಗಲ್ಲ. ನೀವೇ ತಾನೇ ಅವರಿಗೋಸ್ಕರ ಉಪವಾಸ ಮಾಡಿದವರು.

ಗುಬ್ಬಿ ಅತ್ತೆ: ಮಾಡಿಲ್ಲ ಅಂತ ಆಗಲೇ ಹೇಳಿದೆ.

ತಿಪಟೂರು ದೊಡ್ಡಪ್ಪ: ಹಾಗಾದರೆ ಪೋಸ್ಟ್‌ಮಾರ್ಟಂ ಯಾಕೆ ಮಾಡಲಿಲ್ಲ? ಹೇಳು ನೋಡೋಣ.

ನಾನು: ಕೇಳಬೇಕಾದ ಪ್ರಶ್ನೆಯೇ. ಅಲ್ಲೂ ಮಾಡಲಿಲ್ಲ, ಇಲ್ಲೂ ಮಾಡಲಿಲ್ಲ. ಆದರೆ ಅದು ಹೇಗೆ ತೀರಿಕೊಂಡರು ಅನ್ನೋದರ ಪ್ರಶ್ನೆ ದೊಡ್ಡಪ್ಪ, ಯಾಕೆ ಹೋದರು ಅನ್ನೋದಕ್ಕೆ ಅದರಿಂದ ಉತ್ತರ ಸಿಗಲ್ಲ. ಸಂಜೆ ಸಹಿ ಹಾಕಿ ಅದೇ ರಾತ್ರಿ ಒಂದೂವರೆ ಹೊತ್ತಿಗೆ ತೀರಿಕೊಂಡರು ನೋಡಿ, ಹಾಗಾಗಿ ಹೋಗಿದ್ದೇ ಯಾರದೋ ಸಂಚು ಇರಬೇಕು ಅಂತ ನಮಗೆ ಹಿಂದಿನಿಂದ ಅನ್ನಿಸುತ್ತೆ. ಬದುಕಿ ದೆಹಲಿಗೆ ಬಂದಿದ್ದರೆ ಹಾಜಿ ಪೀರ್ ಯಾಕೆ ಬಿಟ್ಟಿರಿ ಅಂತ ನೀವೇ ಮೊದಲು ಬೈಯುತ್ತಿದ್ದಿರಿ.

ಕುಣಿಗಲ್ ಚಿಕ್ಕಪ್ಪ: ಖಂಡಿತ ಬೈಯುತ್ತಿದ್ದ. ನಾನು ಗ್ಯಾರಂಟಿ.

ತಿಪಟೂರು ದೊಡ್ಡಪ್ಪ: ಬೈಯುತ್ತಿದ್ದೆ. ಈಗಲೂ ಆ ವಿಷಯ ನೆನೆದರೆ ಹೊಟ್ಟೆ ಉರಿಯುತ್ತೆ. ಪ್ರಾಣ ಕೊಟ್ಟು ಹಿಡಿದ ಜಾಗ.

(ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ತಿಪಟೂರು ದೊಡ್ಡಪ್ಪ: ಸರಿ, ಬಲವಂತ ಅನ್ನೋ ಮಾತು ಜಾಸ್ತಿ ಆಯಿತು ಅಂತಲೇ ಇಟ್ಟುಕೋ. ಹತ್ತು ಜನಕ್ಕೆ ಆಗಲೇ ಕಳಿಸಿಬಿಟ್ಟಿದ್ದೇನಲ್ಲ, ಈಗ ಏನು ಮಾಡಲಿ?

ಗುಬ್ಬಿ ಅತ್ತೆ: ಸುಮ್ನೆ ಫೋನ್ ಕೆಳಗಿಟ್ಟು ಅವರೆಕಾಯಿ ಸುಲಿ. ಅತ್ತಿಗೆ ಆಗಿನಿಂದ ಕೂಗುತ್ತಿದ್ದಾರಂತೆ.