ಕಾವು ಕೊಟ್ಟು ಸಸಿ ಎಬ್ಬಿಸುವಾಗ ಗೊಬ್ಬರಕ್ಕೆ ಬೂಷ್ಟು: ನಿಮ್ಮ ಅನುಭವ ಹೇಳಿ

ಟಿಳಕವಾಡಿ, ಬೆಳಗಾವಿ: ಡಿಸೆಂಬರ್ ಚಳಿಗೆ ದೊಣ್ಣೆ ಮೆಣಸಿನಕಾಯಿ ಬೀಜ ಏಳಲ್ಲ ಅಂತ ಟ್ರೇ ಕೆಳಗೆ ಹೀಟ್ ಮ್ಯಾಟ್ (ಕರೆಂಟಿನ ಬಿಸಿ ಚಾಪೆ) ಇಟ್ಟು, ಮೇಲೆ ಪ್ಲಾಸ್ಟಿಕ್ ಮುಚ್ಚಿದ್ದೇನೆ. ಟ್ರೇಯಲ್ಲಿ ಎರೆಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅರ್ಧ ಅರ್ಧ. ಈಗ ಮೇಲೆಲ್ಲ ಬಿಳಿ ಬೂಷ್ಟು. ಯಾರಿಗಾದರೂ ಹೀಗಾಗಿದೆಯಾ?

ಮುಧೋಳ: ನಮ್ಮದು ಹೊಲದ ಲೆಕ್ಕ ಅಕ್ಕಾರೆ, ಎರಡು ಎಕರೆ ಮೆಣಸಿನಕಾಯಿ. 98 ಕುಣಿಯ ಟ್ರೇ ಒಂದಕ್ಕೆ 22 ರೂಪಾಯಿ ಕೊಟ್ಟು ತಂದಿದ್ದೆ. ಕಾವಿಗೆ ಅಂತ ಟ್ರೇ ಪೇರಿಸಿ ಪ್ಲಾಸ್ಟಿಕ್ ಹೊದಿಸಿದೆವು. ಚೆನ್ನಾಗೇ ಎದ್ದವು. ಆಮೇಲೆ ಬುಡದಲ್ಲಿ ಕಾಂಡ ನೀರಾಡಿ, ದಾರದಷ್ಟು ಸಣ್ಣಗಾಗಿ, ಎಲೆ ಹಸಿರಿರುವಾಗಲೇ ಮಲಗಿದವು. ಅದೇ ಸಸಿ ಕೊಳೆ ರೋಗ. ಅಂಗಡಿಯವನು ಕೊಟ್ಟ ಯಾವುದೋ ಟಾನಿಕ್ಕಿಗೆ ಮತ್ತೆ 410 ದಂಡ. ಈಗ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರ ಕೊಲ್ಲುವ ತಾಮ್ರದ ಔಷಧಿ) ಬಿಟ್ಟರೆ ಬೇರೆ ಮಾತಿಲ್ಲ. ಲೀಟರಿಗೆ 3 ಗ್ರಾಂ, ಬುಡಕ್ಕೆ ಸುರಿಯುತ್ತೇನೆ.

ಗೋಕಾಕ: ಎಲ್ಲದಕ್ಕೂ ತಾಮ್ರ ಸುರಿದರೆ ಮಣ್ಣಲ್ಲಿ ಏನು ಉಳಿಯುತ್ತದೆ? ನಾನು ಬೇವಿನ ಹಿಂಡಿ, ಕಳಿತ ತಿಪ್ಪೆಗೊಬ್ಬರಕ್ಕೆ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಕಲಸಿ, ನೆರಳಲ್ಲಿ ಹಸಿ ಗೋಣಿಚೀಲ ಮುಚ್ಚಿ ಇಡುತ್ತೇನೆ. ಅದು ಬೆಳೆದು ಹಸಿರು ಪುಡಿಯಂತೆ ಹರಡಿದ ಮೇಲೇ ಟ್ರೇಗೆ. ಒಂದೂ ಸಸಿ ಬಿದ್ದಿಲ್ಲ.

ಮುಧೋಳ: ಅದನ್ನೂ ಹಾಕಿ ನೋಡಿದ್ದೇನೆ ರೀ. ದುಡ್ಡು ಹೋಯಿತು, ಸಸಿಯೂ ಹೋಯಿತು.

ಗೋಕಾಕ: ನೀವು ತಾಮ್ರ ಸುರಿದ ಮೇಲೆ ಹಾಕಿರುತ್ತೀರಿ. ಟ್ರೈಕೋಡರ್ಮಾನೂ ಶಿಲೀಂಧ್ರವೇ ಅಲ್ವಾ, ಸಾಯದೆ ಏನು ಮಾಡುತ್ತದೆ? ನಡುವೆ 15 ದಿನವಾದರೂ ಬಿಡಬೇಕು.

ಇಂಡಿ: ಖರ್ಚೇ ಬೇಡ. ಏಪ್ರಿಲ್, ಮೇ ಬಿಸಿಲಲ್ಲಿ ಗೊಬ್ಬರ ಒದ್ದೆ ಮಾಡಿ ತೆಳುವಾಗಿ ಹರಡಿ. ತಿಳಿ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಏರಿಸಿ, 4ರಿಂದ 6 ವಾರ ಬಿಡಿ, ಒಳಗಿನ ಕಾವಿಗೆ ರೋಗದ ಬೂಷ್ಟು ಸಾಯುತ್ತದೆ. ಕಪ್ಪು ಹಾಳೆ ಬೇಡ, ಒಳಗೆ ಅಷ್ಟು ಕಾಯುವುದಿಲ್ಲ. ನಮ್ಮ ಇಡೀ ವರ್ಷದ ಸಸಿ ಆ ಗೊಬ್ಬರದಲ್ಲೇ.

ಖಾನಾಪುರ: ಅವರು ಕೇಳಿದ್ದು ಡಿಸೆಂಬರ್‌ನಲ್ಲಿ. ನಿಮ್ಮ ಬಿಸಿಲು ನಮಗೆಲ್ಲಿಂದ ಬರಬೇಕು? ಚಳಿ ಕಂಡವರು ಮಾತಾಡಲಿ.

ಇಂಡಿ: ವಿಜಯಪುರ ಜಿಲ್ಲೆಯಲ್ಲಿ ಚಳಿ ಇಲ್ಲ ಅಂತ ಯಾರು ಹೇಳಿದರು? ಡಿಸೆಂಬರ್ ರಾತ್ರಿ ಒಮ್ಮೆ ಬಂದು ನಮ್ಮ ಹೊಲದಲ್ಲಿ ನೀರು ಹಾಯಿಸಿ.

ಬಾದಾಮಿ: ಜಗಳ ಆಮೇಲೆ ಆಡಿ. ಮೇಲಿನ ಬಿಳಿ ಬೂಷ್ಟೆಲ್ಲ ಸಸಿ ಕೊಳೆ ಅಲ್ಲ. ಜಾಸ್ತಿ ಸಲ ಅದು ಅರ್ಧ ಕಳಿತ ಗೊಬ್ಬರ ತಿನ್ನುವ ಬೂಷ್ಟು, ಕೆರೆದು ಗಾಳಿಗಿಟ್ಟರೆ ಹೋಗುತ್ತದೆ. ಆದರೆ ಅದು ಬಂತು ಅಂದರೆ ಒಳಗೆ ತೇವ ಮಿತಿಮೀರಿದೆ, ಕೊಳೆ ರೋಗಕ್ಕೂ ಅದೇ ತೇವ ಬೇಕು. ಮೊಳಕೆಗೆ ಎರೆಗೊಬ್ಬರ ಬೇಕಾಗಿಲ್ಲ, ಬೀಜದೊಳಗೇ ಆಹಾರ ಇರುತ್ತದೆ. ನಾನು ತೊಳೆದ ಕೋಕೋಪೀಟ್ ಒಂದೇ ತುಂಬುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ಮೊದಲ ಮೊಳಕೆ ತಲೆ ಎತ್ತಿದ ಕೂಡಲೇ ಪ್ಲಾಸ್ಟಿಕ್ ತೆಗೆಯುತ್ತೇನೆ, ಉಳಿದವು ಏಳಲಿ ಅಂತ ಕಾಯುವುದಿಲ್ಲ. ನೀರು ಬೆಳಿಗ್ಗೆ, ಅದೂ ತಳದಿಂದ.

ಮುಧೋಳ: ಮನೆಯಲ್ಲಿ ನಾಲ್ಕು ಟ್ರೇ ಇಟ್ಟವರಿಗೆ ತಳದಿಂದ ನೀರು ಸುಲಭ. ಎರಡು ಎಕರೆ ಸಸಿಗೆ ಆಳು ಯಾರು ಕೊಡುತ್ತಾರೆ?

ಖಾನಾಪುರ: ಅಣ್ಣಾ, ಆ 22 ರೂಪಾಯಿ ಟ್ರೇ ಎಲ್ಲಿ ಸಿಕ್ಕಿತು? ನಮಗೆ 35 ಹಚ್ಚಿದರು.

ಗೋಕಾಕ: ಆ ತೆಳು ಟ್ರೇ ತರಬೇಡಿ. ಸಸಿ ಕೀಳುವಾಗಲೇ ಸೀಳುತ್ತದೆ.

ಮುಧೋಳ: ನಮ್ಮವು ಮೂರನೇ ಬೆಳೆಗೂ ಗಟ್ಟಿ ಇವೆ. ಬೇಕಿದ್ದರೆ ಫೋಟೋ ಹಾಕುತ್ತೇನೆ.