ಅಂಬಾಸಿಡರ್ ಆಯಿಲ್ ಮುಚ್ಚಳದಲ್ಲಿ ಬಿಳಿ ಕೆನೆ: ಹೆಡ್ ಇಳಿಸಲೇಬೇಕಾ?

ಪ್ರಶ್ನೆ:
1972ರ ಮಾರ್ಕ್ 2, 1489 ಸಿಸಿ ಪೆಟ್ರೋಲ್. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆ ಮೆತ್ತಿದ ಹಾಗೆ ಬಿಳಿ ಕೆನೆ. ಡಿಪ್‌ಸ್ಟಿಕ್‌ನಲ್ಲಿ ಮಾತ್ರ ಮಾಮೂಲಿ ಕಂದು ಬಣ್ಣವೇ. ಗಾಡಿ ವಾರಕ್ಕೆರಡು ಸಲ ಮೂರ್ನಾಲ್ಕು ಕಿ.ಮೀ. ಓಡಿದರೆ ಹೆಚ್ಚು, ಸಕಲೇಶಪುರದ ಮಳೆ ಬೇರೆ. ಗ್ಯಾರೇಜಿನವರು ಹೆಡ್ (ಇಂಜಿನ್ನಿನ ಮೇಲ್ಭಾಗ) ಇಳಿಸಿ, ಅದರ ಕೆಳಗಿನ ಗ್ಯಾಸ್ಕೆಟ್ (ನೀರು, ಆಯಿಲ್ ಬೆರೆಯದಂತೆ ತಡೆಯುವ ಹಾಳೆ) ನೋಡೋಣ ಅಂತಿದ್ದಾರೆ. ಅದಕ್ಕೂ ಮೊದಲು ಏನು ನೋಡಬೇಕು?

ಉತ್ತರ 1:
ಹೆಡ್‌ಗೆ ಈಗಲೇ ಕೈ ಹಾಕಿಸಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತೆ. ಬಹುಪಾಲು ಸೈಲೆನ್ಸರ್ ದಾರಿ ಹಿಡಿಯುತ್ತೆ. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದ ಹಬೆ, ಇಂಜಿನ್ ಸರಿಯಾಗಿ ಕಾಯದಿದ್ದರೆ, ಮೇಲಿನ ತಣ್ಣನೆ ತಗಡಿಗೆ ತಗುಲಿ ನೀರಾಗಿ ಆಯಿಲ್ ಜೊತೆ ಕಡೆದುಕೊಳ್ಳುತ್ತೆ.

ಮುಚ್ಚಳ ಒರೆಸಿ. ಪಕ್ಕದ ಟ್ಯಾಪೆಟ್ ಕವರ್‌ನಿಂದ ಕೆಳಗಿಳಿಯುವ ಬ್ರೀದರ್ ಪೈಪನ್ನೂ, ರಾಕರ್ ಕವರ್‌ನಿಂದ ಏರ್ ಫಿಲ್ಟರ್‌ಗೆ ಹೋಗುವ ಪೈಪನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಇವು ಕಟ್ಟಿಕೊಂಡರೆ ಹಬೆಗೆ ಹೊರದಾರಿ ಇಲ್ಲ. ಆಮೇಲೆ ಒಂದೇ ಓಟಕ್ಕೆ 40-50 ಕಿ.ಮೀ. ಓಡಿಸಿ. ಕೆನೆ ಮರಳದಿದ್ದರೆ ಅಲ್ಲಿಗೆ ಮುಗಿಯಿತು, ಆಯಿಲ್ ಬದಲಿಸಿ ಸಾಕು.

ಉತ್ತರ 2:
ಡಿಪ್‌ಸ್ಟಿಕ್ ಚೆನ್ನಾಗಿದೆ ಅಂತ ಪೂರ್ತಿ ನಂಬಬೇಡಿ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆ, ಚೇಂಬರ್ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಬೋಲ್ಟನ್ನು ಮೆಲ್ಲಗೆ ಸಡಿಲಿಸಿ ಮೊದಲು ಬರುವ ನಾಲ್ಕೈದು ಚಮಚವನ್ನು ಗಾಜಿನ ಲೋಟಕ್ಕೆ ಹಿಡಿಯಿರಿ. ಬಿಡಿ ನೀರಿದ್ದರೆ ತಳದಲ್ಲೇ ಇರುತ್ತೆ, ಅದೇ ಮೊದಲು ಬೀಳೋದು.

ಆಯಿಲ್‌ನಲ್ಲಿ ಬೆರೆತ ನೀರಿಗೆ ತವಾ ಪರೀಕ್ಷೆ. ಗ್ಯಾರೇಜಿನ ಹಳೆ ಕಬ್ಬಿಣದ ತವಾ ಕಾಯಿಸಿ (150 ಡಿಗ್ರಿ ಸುಮಾರು), ಉರಿ ಆರಿಸಿ, ಎರಡು ಹನಿ ಬಿಡಿ. ಒಗ್ಗರಣೆ ಹಾಗೆ ಚಟಪಟ ಅಂದರೆ ನೀರಿದೆ. ಕನ್ನಡಕ ಹಾಕಿಕೊಳ್ಳಿ, ಸಿಡಿಯುತ್ತೆ. ಆ ನೀರು ಹಬೆಯದೋ ರೇಡಿಯೇಟರ್‌ನದೋ ಅಂತ ತವಾ ಹೇಳಲ್ಲ. ರೇಡಿಯೇಟರ್‌ಗೆ ಬರೀ ನಲ್ಲಿ ನೀರು ತುಂಬಿದ್ದರೆ ಬಣ್ಣದ ಸುಳಿವೂ ಸಿಗಲ್ಲ. ಹಸಿರು ಕೂಲಂಟ್ ಹಾಕಿ ಓಡಿಸಿ, ಮತ್ತೆ ಬೋಲ್ಟ್ ಸಡಿಲಿಸಿ ನೋಡಿ.

ಕೇಳಿದವರು:
ಬ್ರೀದರ್ ತೊಳೆದು 45 ಕಿ.ಮೀ. ಓಡಿಸಿದೆ. ಕೆನೆ ಸ್ವಲ್ಪ ಮರಳಿದೆ, ರೇಡಿಯೇಟರ್ ಎರಡು ಬೆರಳು ಇಳಿದಿದೆ. ಗ್ಯಾಸ್ಕೆಟ್ಟೇ ಅಲ್ವಾ?

ಉತ್ತರ 3:
ಕುತ್ತಿಗೆವರೆಗೆ ತುಂಬಿದ್ರಾ? ಈ ಗಾಡಿಗೆ ಹೆಚ್ಚಾದ ನೀರು ಹಿಡಿಯುವ ಪಕ್ಕದ ಡಬ್ಬಿ ಇಲ್ಲ. ಹೆಚ್ಚಾದದ್ದನ್ನು ಓವರ್‌ಫ್ಲೋ ಪೈಪಿನಿಂದ ರಸ್ತೆಗೆ ಚೆಲ್ಲಿ ತನ್ನ ಮಟ್ಟಕ್ಕೆ ನಿಲ್ಲುತ್ತೆ. ನೀರು ಹಾಕದೆ ಇನ್ನೆರಡು ಸಲ ಓಡಿಸಿ. ಮತ್ತೂ ಇಳಿದರೆ ಪ್ರೆಶರ್ ಟೆಸ್ಟ್ (ರೇಡಿಯೇಟರ್ ಬಾಯಿಗೆ ಮೀಟರ್ ಇರುವ ಪಂಪ್ ಕೂರಿಸಿ ಒತ್ತಡ ನಿಲ್ಲುತ್ತಾ ನೋಡೋದು). ಕ್ಯಾಪ್ ಮೇಲೆ ಬರೆದಿರುವಷ್ಟೇ ಪಂಪ್ ಮಾಡಿಸಿ, ಹೊಸ ಕಾರಿನ ಲೆಕ್ಕದಲ್ಲಿ ಏರಿಸಿದರೆ ಹಳೇ ರೇಡಿಯೇಟರ್ ಬಾಯಿ ಬಿಡುತ್ತೆ. 15 ನಿಮಿಷದಲ್ಲಿ ಮುಳ್ಳು ಇಳಿದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ನೀರು ಒಳಗೇ ಹೋಗ್ತಿದೆ.

ಈ ಇಂಜಿನ್ನಿನಲ್ಲಿ ವಾಟರ್ ಪಂಪ್ ಸೋರಿದರೆ ಹೊರಗೇ ಬರುತ್ತೆ, ಅದನ್ನು ಬಿಡಿ. ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ನಾಲ್ಕು ಸಿಲಿಂಡರ್‌ಗೂ ಚೆನ್ನಾಗಿದೆ ಅಂತಲೂ ಗ್ಯಾಸ್ಕೆಟ್ ಸರಿ ಅನ್ನಬೇಡಿ: ಪುಶ್ ರಾಡ್ (ವಾಲ್ವ್ ತೆರೆಸುವ ಸರಳು) ತೂತುಗಳು ಹೆಡ್‌ನಲ್ಲೇ ಹಾದು ಹೋಗುತ್ತವೆ, ನೀರಿನ ದಾರಿಗೂ ಅವಕ್ಕೂ ನಡುವಿನ ಪಟ್ಟಿ ಕಿತ್ತರೆ ಸಿಲಿಂಡರ್ ಮುಟ್ಟದೆ ನೇರ ಚೇಂಬರ್‌ಗೆ ಇಳಿಯುತ್ತೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಅದು ಬೇರೆ ಜಾಗದ ಗ್ಯಾಸ್ಕೆಟ್ ಕೇಸು.

ಒಳಗೆ ಹೋಗೋದು ಖಚಿತವಾದರೆ ಸ್ಟಾರ್ಟ್ ಮಾಡಬೇಡಿ, ಬೇರಿಂಗ್ ತಿಂದುಬಿಡುತ್ತೆ. ಗ್ಯಾಸ್ಕೆಟ್ ಹಾಕಿಸಿದ ಮೇಲೆ ಅಗ್ಗದ 20ಡಬ್ಲ್ಯೂ-50 ಆಯಿಲ್ ತುಂಬಿ ಹತ್ತು ನಿಮಿಷ ಐಡ್ಲಿಂಗ್, ಬಿಸಿಯಲ್ಲೇ ಇಳಿಸಿ. ಬರುವ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ ಹೋಗುವವರೆಗೆ ಇದೇ. ಫಿಲ್ಟರ್ ಕೊನೆಗೆ ಬದಲಿಸಿ.